ಟ್ಯೂಷನ್ನೋ, ಸ್ಪೆಷಲ್ ಕ್ಲಾಸೋ, ಮನೆಯ ಓದೋ? ಎಸ್ಸೆಸ್ಸೆಲ್ಸಿಗೆ ಅರವತ್ತು ದಿನ ಉಳಿದಾಗ

ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಮನೆಗೆ ಬಂದ ರಾತ್ರಿ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಈಗರ ಎಲ್ಯಾರ ಟ್ಯೂಷನ್ನಿಗೆ ಹಾಕೂನು." ಶಾಲೆಯ ಸರ್ ಸ್ಪೆಷಲ್ ಕ್ಲಾಸ್ ತಪ್ಪಿಸಬೇಡ ಅನ್ನುತ್ತಾರೆ. ಪಿಯುಸಿ ಓದುವ ಅಣ್ಣ ಯೂಟ್ಯೂಬಿನಲ್ಲಿ ಎಲ್ಲ ಇದೆ ಅನ್ನುತ್ತಾನೆ. ಮಗಳು ಗೆಳತಿಯ ಮನೆಗೆ ಹೋಗಿ ಕೂಡಿ ಓದುತ್ತೇನೆ ಅನ್ನುತ್ತಾಳೆ. ಎಲ್ಲರ ಮಾತೂ ಸರಿಯೇ ಅನ್ನಿಸಿ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಿ, ಮಗು ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುತ್ತದೆ. ಅಂಕ ಮಾತ್ರ ಇದ್ದಲ್ಲೇ ಇರುತ್ತದೆ.

ಯಾವ ದಾರಿ ಹಿಡಿಯಬೇಕು ಎಂಬುದಕ್ಕೆ ಉತ್ತರ ಇರುವುದು ಆ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲೇ. ಅದನ್ನು ಒಂದು ಸಂಜೆ ಕೂತು ಬಿಚ್ಚಿ ನೋಡುವವರೆಗೆ ಯಾರಿಗೂ ಒಂದು ರೂಪಾಯಿ ಮುಂಗಡ ಕೊಡಬೇಡಿ.

ಅಂಕ ಎಲ್ಲಿ ಸೋರುತ್ತಿದೆ

ಆರೂ ವಿಷಯಗಳ ಉತ್ತರ ಪತ್ರಿಕೆ ಮುಂದಿಟ್ಟುಕೊಂಡು, ಕಳೆದುಹೋದ ಒಂದೊಂದು ಅಂಕದ ಪಕ್ಕದಲ್ಲೂ ಒಂದು ಗುರುತು ಹಾಕಿ. ಪಾಠವೇ ಅರ್ಥವಾಗಿರಲಿಲ್ಲ ಎಂದರೆ 'ಅ'. ಓದಿದ್ದೆ, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ ಎಂದರೆ 'ಆ'. ಗೊತ್ತಿತ್ತು, ಬರೆಯುವಾಗ ತಪ್ಪಿತು, ಹಂತ ಬಿಟ್ಟೆ ಅಥವಾ ಹೊತ್ತು ಸಾಲಲಿಲ್ಲ ಎಂದರೆ 'ಇ'. ಒಂದು ಪ್ರಶ್ನೆ ಕಠಿಣ ಬಂತು, ಎದೆ ಹೊಡೆದುಕೊಂಡಿತು, ಅಲ್ಲಿಂದ ಮುಂದೆ ಬರೆದದ್ದೆಲ್ಲ ಎಡವಟ್ಟಾಯಿತು ಎಂದರೆ 'ಈ'. ಈ ಗುರುತು ಹಾಕಬೇಕಾದವರು ಮಗುವೇ. ಅಪ್ಪ ಪಕ್ಕದಲ್ಲಿ ಕೂತು ಬೈಯುತ್ತಿದ್ದರೆ ಎಲ್ಲಕ್ಕೂ 'ಆ' ಎಂದೇ ಬೀಳುತ್ತದೆ.

ಆಮೇಲೆ ಎಣಿಸಿ. 'ಅ' ಜಾಸ್ತಿ ಇದ್ದರೆ ಕಲಿಸುವವರು ಬೇಕು. ಅದು ಶಾಲೆಯ ಶಿಕ್ಷಕರಾಗಲಿ, ಟ್ಯೂಷನ್ನಿನವರಾಗಲಿ. 'ಆ' ಜಾಸ್ತಿ ಇದ್ದರೆ ಹೊಸ ಪಾಠ ಕೇಳುವುದರಿಂದ ಪ್ರಯೋಜನವಿಲ್ಲ. ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವ ರೂಢಿ ಬೇಕು, ಅದನ್ನು ಮನೆಯಲ್ಲೇ ಬಿಟ್ಟಿಯಾಗಿ ಮಾಡಬಹುದು. 'ಇ' ಜಾಸ್ತಿ ಇದ್ದರೆ ಗಡಿಯಾರ ಇಟ್ಟು ಪತ್ರಿಕೆ ಬರೆಯಬೇಕು, ಬರೆದದ್ದನ್ನು ಯಾರಾದರೂ ತಿದ್ದಬೇಕು. 'ಈ' ಜಾಸ್ತಿ ಇದ್ದರೆ ಮೊದಲು ನಿದ್ದೆ ಮತ್ತು ಗಾಬರಿಯ ಕಡೆ ನೋಡಬೇಕು. ಆ ಮಗುವಿಗೆ ಇನ್ನೊಂದು ಕ್ಲಾಸ್ ಸೇರಿಸಿದರೆ ಗಾಯಕ್ಕೆ ಬರೆ ಹಾಕಿದ ಹಾಗೆ.

ಎಷ್ಟೋ ಮಕ್ಕಳ ಒತ್ತಡ ಈ ಒಂದು ಸಂಜೆಗೇ ಅರ್ಧ ಇಳಿಯುತ್ತದೆ. "ನನಗೇನೂ ಬರಲ್ಲ" ಎನ್ನುತ್ತಿದ್ದ ಹುಡುಗ, ಗಣಿತದಲ್ಲಿ ಹೋದ 41 ಅಂಕಗಳಲ್ಲಿ 17 ಗೊತ್ತಿದ್ದೂ ಹೋದವು ಎಂದು ಕಣ್ಣಾರೆ ಕಂಡರೆ, ಗೋಡೆಯಂತೆ ನಿಂತಿದ್ದ ಭಯ ಎಣಿಸಬಹುದಾದ ಇಟ್ಟಿಗೆಗಳಾಗುತ್ತದೆ.

ಇನ್ನುಳಿದ ಅಳತೆಗೋಲು ಮೂರು. ಕೈಯಲ್ಲಿರುವ ನಿಜವಾದ ಗಂಟೆಗಳು ಎಷ್ಟು? ಬರೆದದ್ದನ್ನು ಓದಿ ತಿದ್ದುವವರು ಈ ದಾರಿಯಲ್ಲಿ ಇದ್ದಾರೆಯೇ? ಇದರಿಂದ ನಿದ್ದೆ ಎಷ್ಟು ಕಡಿಮೆಯಾಗುತ್ತದೆ? ದುಡ್ಡಿನ ಲೆಕ್ಕ ಇವುಗಳ ನಂತರ.

ಗಂಟೆಯ ಲೆಕ್ಕವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಹಳ್ಳಿಯಿಂದ ತಾಲ್ಲೂಕಿಗೆ ಟ್ಯೂಷನ್ನಿಗೆ ಹೋಗಿ ಬರಲು ಬಸ್ಸು ಕಾಯುವುದೂ ಸೇರಿ ಒಂದೂವರೆ ಗಂಟೆ ಹಿಡಿಯುತ್ತದೆ ಎನ್ನಿ. ಅರವತ್ತು ದಿನದಲ್ಲಿ ಭಾನುವಾರ ಬಿಟ್ಟು 52 ದಿನ. ಅಂದರೆ 78 ಗಂಟೆ ರಸ್ತೆಯ ಮೇಲೆ. ಗಣಿತ, ವಿಜ್ಞಾನದ ಒಂದು ಪತ್ರಿಕೆಗೆ 3 ಗಂಟೆ 15 ನಿಮಿಷ. ಆ 78 ಗಂಟೆಯಲ್ಲಿ 24 ಪೂರ್ಣ ಪ್ರಶ್ನೆಪತ್ರಿಕೆ ಬರೆಯಬಹುದಿತ್ತು. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ ನಿಜ, ಹೊತ್ತಿಗೆ ಮಾತ್ರ ಯಾವ ಯೋಜನೆಯೂ ಇಲ್ಲ.

ಶಾಲೆಯ ಸ್ಪೆಷಲ್ ಕ್ಲಾಸ್

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬೆಳಿಗ್ಗೆ ಅಥವಾ ಸಂಜೆ ನಡೆಯುವ ವಿಶೇಷ ತರಗತಿಗೆ ಶುಲ್ಕವಿಲ್ಲ, ಬೇರೆ ಪ್ರಯಾಣವಿಲ್ಲ. ಇದಕ್ಕಿಂತ ದೊಡ್ಡ ಲಾಭ, ಮಗುವಿನ ಕೈಬರಹದಿಂದ ಹಿಡಿದು ಮನೆಯ ಪರಿಸ್ಥಿತಿಯವರೆಗೆ ಶಿಕ್ಷಕರಿಗೆ ಗೊತ್ತಿರುವುದು. ಹಿಂದುಳಿದ ಮಕ್ಕಳನ್ನು ಶಿಕ್ಷಕರು ಹಂಚಿಕೊಂಡು 'ದತ್ತು' ತೆಗೆದುಕೊಳ್ಳುವುದು, ನಸುಕಿನಲ್ಲಿ ಫೋನು ಮಾಡಿ ಎಬ್ಬಿಸುವುದು, ರಾತ್ರಿ ಓದಿನ ಕೇಂದ್ರ ನಡೆಸುವುದು ನಮ್ಮ ಭಾಗದಲ್ಲಿ ಬಹಳ ಕಡೆ ಇದೆ.

ಇಲ್ಲಿ ಕೊಡುವ 'ಪಾಸಿಂಗ್ ಪ್ಯಾಕೇಜ್' ಬಗ್ಗೆ ಎರಡು ಮಾತು. ವರ್ಷ ವರ್ಷವೂ ಒಂದೇ ಮಾದರಿಯಲ್ಲಿ ಬರುವ ಪ್ರಶ್ನೆಗಳನ್ನು ಆರಿಸಿ ಮಾಡಿದ ಗಂಟು ಇದು. ಗಣಿತದಲ್ಲಿ ನಕ್ಷಾ ವಿಧಾನ, ಪ್ರಮೇಯ, ಸರಾಸರಿ–ಮಧ್ಯಾಂಕ–ಬಹುಲಕ, ವರ್ಗ ಸಮೀಕರಣದ ಸೂತ್ರ, ದೂರ ಸೂತ್ರ, ವಿಜ್ಞಾನದಲ್ಲಿ ಚಿತ್ರಗಳು, ಸಮಾಜದಲ್ಲಿ ಭಾರತದ ನಕ್ಷೆ. ಪೂರ್ವಸಿದ್ಧತೆಯಲ್ಲಿ 80ಕ್ಕೆ 30ರ ಆಸುಪಾಸು ಇರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ. ಕಡಿಮೆ ದಿನದಲ್ಲಿ ಕಾಲೂರಲು ನೆಲ ಸಿಗುತ್ತದೆ. ಆದರೆ 50 ದಾಟಿರುವ ಮಗು ಅದೇ ಗಂಟನ್ನು ಮತ್ತೆ ಮತ್ತೆ ಬಿಚ್ಚುತ್ತ ಕೂತರೆ ಅರವತ್ತು ದಿನವೂ ಬರುವುದನ್ನೇ ಬರೆದು ಕಳೆಯುತ್ತದೆ. ಅಂಥ ಮಗುವಿಗೆ ಆ ಅವಧಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಹಳೆಯ ಪತ್ರಿಕೆ ಬಿಡಿಸಲು ಬಿಡಿ ಎಂದು ಶಿಕ್ಷಕರನ್ನು ಕೇಳಿಕೊಳ್ಳಿ. ಬಹುತೇಕರು ಒಪ್ಪುತ್ತಾರೆ.

ಎಲ್ಲಿ ಕೈಕೊಡುತ್ತದೆ? ಕಲ್ಯಾಣ ಕರ್ನಾಟಕದ ಹಲವು ಪ್ರೌಢಶಾಲೆಗಳಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ಕಾಯಂ ಶಿಕ್ಷಕರಿಲ್ಲ, ಅತಿಥಿ ಶಿಕ್ಷಕರಿಂದಲೇ ಪಾಠ ನಡೆಯುತ್ತದೆ. ಅವರು ವರ್ಷದ ನಡುವೆ ಬಂದವರಾದರೆ ಪಾಠ ಮುಗಿಸುವ ಧಾವಂತದಲ್ಲೇ ಜನವರಿ ಬರುತ್ತದೆ. ನಿಮ್ಮ ಶಾಲೆಯಲ್ಲಿ ಹಾಗಿದ್ದರೆ ಆ ಒಂದು ವಿಷಯಕ್ಕೆ ಹೊರಗಿನ ಸಹಾಯ ಹುಡುಕಿ, ಉಳಿದವನ್ನು ಶಾಲೆಗೇ ಬಿಡಿ. ಇನ್ನೊಂದು ತೊಂದರೆ ಸಂಜೆಯ ಕ್ಲಾಸ್ ಮುಗಿಯುವ ಹೊತ್ತಿಗೆ ಹಳ್ಳಿಯ ಬಸ್ಸು ಹೋಗಿರುವುದು. ಇದಕ್ಕೆ ಹೆದರಿ ಹುಡುಗಿಯರನ್ನು ಕ್ಲಾಸೇ ಬಿಡಿಸುವ ಮನೆಗಳಿವೆ. ನಾಲ್ಕು ಮಂದಿ ಪಾಲಕರು ಒಟ್ಟಿಗೆ ಹೋಗಿ ಮುಖ್ಯ ಶಿಕ್ಷಕರ ಹತ್ತಿರ ಕೇಳಿದರೆ ಕ್ಲಾಸನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿಕೊಳ್ಳಲು ಆಗುತ್ತದೆ.

ದುಡ್ಡು ಕೊಟ್ಟು ಟ್ಯೂಷನ್

ಟ್ಯೂಷನ್ ಕೆಲಸಕ್ಕೆ ಬರುವುದು 'ಅ' ಗುರುತು ಜಾಸ್ತಿ ಇರುವ ವಿಷಯಕ್ಕೆ ಮಾತ್ರ, ಅದೂ ಒಂದು ಅಥವಾ ಎರಡು ವಿಷಯಕ್ಕೆ. "ಎಲ್ಲ ವಿಷಯಕ್ಕೂ ಸೇರಿಸಿ ಇಷ್ಟು" ಎಂಬ ಪ್ಯಾಕೇಜ್ ಅಗ್ಗ ಅನ್ನಿಸುತ್ತದೆ; ಆದರೆ ಕನ್ನಡ, ಸಮಾಜ ವಿಜ್ಞಾನಕ್ಕೂ ಮಗು ದಿನಾ ಒಂದು ಗಂಟೆ ಇನ್ನೊಬ್ಬರ ಮಾತು ಕೇಳುತ್ತ ಕೂತರೆ ತಾನೇ ಬರೆಯುವ ಹೊತ್ತು ಎಲ್ಲಿ ಉಳಿಯಿತು?

ಸೇರಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು? ಹತ್ತು ಹನ್ನೆರಡು ದಾಟಿದರೆ ಅದು ಇನ್ನೊಂದು ಶಾಲೆ, ಅಷ್ಟೇ. ವಾರಕ್ಕೆ ಎಷ್ಟು ಉತ್ತರ ಪತ್ರಿಕೆ ತಿದ್ದಿ ಕೊಡುತ್ತೀರಿ? "ಟೆಸ್ಟ್ ಇಡ್ತೀವಿ" ಎಂದರೆ ಸಾಲದು. ತಿದ್ದಿದ ಒಂದು ಪತ್ರಿಕೆ ತೋರಿಸಿ ಅನ್ನಿ. ಕೆಂಪು ಪೆನ್ನಿನಲ್ಲಿ ಬರೀ ಒಟ್ಟು ಅಂಕ ಇದ್ದರೆ ಬಿಟ್ಟುಬಿಡಿ, ಯಾವ ಹಂತದಲ್ಲಿ ಅರ್ಧ ಅಂಕ ಹೋಯಿತು ಎಂದು ಬರೆದಿದ್ದರೆ ಆ ಮನುಷ್ಯನಿಗೆ ದುಡ್ಡು ಕೊಡಬಹುದು. ಮೂರನೆಯದು, ಮೊದಲ ಪಾಠದಿಂದ ಶುರು ಮಾಡುತ್ತೀರೋ, ಈ ಮಗುವಿಗೆ ಬಾರದ ಪಾಠ ಹಿಡಿಯುತ್ತೀರೋ? ಜನವರಿ ಕೊನೆಯಲ್ಲಿ ಮೊದಲ ಪಾಠದಿಂದ ಹೊರಟವರು ಮಾರ್ಚಿಗೆ ಅರ್ಧದಲ್ಲಿ ನಿಲ್ಲುತ್ತಾರೆ.

ಮೂರು ದಿನ ಕೂರಿಸಿ ನೋಡಿ. ನಾಲ್ಕನೆಯ ದಿನ ನೋಟ್‌ಬುಕ್ ತೆರೆದಾಗ ಬೋರ್ಡಿನಿಂದ ನಕಲು ಮಾಡಿದ ಪುಟಗಳೇ ತುಂಬಿದ್ದರೆ ಮುಂದುವರಿಸಬೇಡಿ. ಮಗು ತಾನೇ ಬಿಡಿಸಿ, ತಪ್ಪಿ, ತಿದ್ದಿಸಿಕೊಂಡ ಪುಟಗಳಿದ್ದರೆ ಕಳಿಸಿ. ಟ್ಯೂಷನ್ನಿನ ನೋಟ್ಸು ಪಠ್ಯಪುಸ್ತಕಕ್ಕಿಂತ ಬೇರೆ ಪದಗಳಲ್ಲಿ ಇದ್ದರೂ ಎಚ್ಚರ ಇರಲಿ. ಪರೀಕ್ಷಾ ಮಂಡಳಿಯ ಮಾದರಿ ಉತ್ತರ ಪಠ್ಯಪುಸ್ತಕದ ಪದಗಳನ್ನೇ ಹಿಡಿದು ಇರುತ್ತದೆ. ಮಗು ಎರಡು ಬಗೆಯ ವಾಕ್ಯ ನೆನಪಿಟ್ಟುಕೊಳ್ಳಲು ಹೋಗಿ ಎರಡನ್ನೂ ಕಲಸಿಬಿಡುತ್ತದೆ.

ಊರಿನಲ್ಲೇ ಬಿ.ಎಸ್ಸಿ. ಓದಿದ ಅಕ್ಕನೋ, ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗನೋ ಇದ್ದರೆ ಪಟ್ಟಣದ ದೊಡ್ಡ ಬೋರ್ಡಿಗಿಂತ ಅವರೇ ಮೇಲು. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ, ಇಬ್ಬರು ಮೂವರು ಮಕ್ಕಳು ಸೇರಿ ಖರ್ಚು ಹಂಚಿಕೊಳ್ಳಬಹುದು. ರಸ್ತೆಯ ಮೇಲಿನ ಆ 78 ಗಂಟೆಯೂ ಉಳಿಯುತ್ತದೆ.

ಮೊಬೈಲ್ ಪಾಠ

ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ವಿಡಿಯೊ ಬರುತ್ತದೆ. ಕೋವಿಡ್ ಕಾಲದಲ್ಲಿ ದೂರದರ್ಶನ ಚಂದನದಲ್ಲಿ ಬಂದ 'ಸಂವೇದ' ಪಾಠಗಳೂ ಯೂಟ್ಯೂಬಿನಲ್ಲಿ ಸಿಗುತ್ತವೆ. ತ್ರಿಕೋನಮಿತಿ ತಲೆಗೆ ಹತ್ತದ ಮಗುವಿಗೆ, ನಿಲ್ಲಿಸಿ, ಹಿಂದೆ ಹೋಗಿ, ನಾಲ್ಕು ಸಲ ಕೇಳಬಹುದಾದ ಪಾಠ ನಿಜವಾಗಿಯೂ ವರ. ತರಗತಿಯಲ್ಲಿ ಕೈಯೆತ್ತಿ ಮತ್ತೊಮ್ಮೆ ಹೇಳಿ ಎನ್ನಲು ನಾಚುವ ಮಕ್ಕಳು ಇಲ್ಲಿ ನಾಚಬೇಕಾಗಿಲ್ಲ.

ತೊಂದರೆ ಏನೆಂದರೆ, ವಿಡಿಯೊ ನೋಡುವಾಗ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ. ಪೆನ್ನು ಹಿಡಿದಾಗ ಮೊದಲ ಸಾಲೂ ಬರುವುದಿಲ್ಲ. ಹಾಗಾಗಿ 15 ನಿಮಿಷ ನೋಡಿದರೆ 30 ನಿಮಿಷ ಬಿಡಿಸುವುದು ಎಂಬ ಕಟ್ಟು ಹಾಕಿಕೊಳ್ಳಿ. ಮನೆಯಲ್ಲಿ ಒಂದೇ ಮೊಬೈಲಿದ್ದು ಅದು ಅಪ್ಪನ ಜೊತೆ ಹೊಲಕ್ಕೋ ರೈಸ್‌ಮಿಲ್ಲಿಗೋ ಹೋಗುತ್ತಿದ್ದರೆ, ರಾತ್ರಿ ಹತ್ತರ ಮೇಲೆ ಮಗು ಅದನ್ನು ಹಿಡಿಯುವ ಏರ್ಪಾಡು ಬೇಡ. ಬೇಕಾದ ವಿಡಿಯೊವನ್ನು ಮೊದಲೇ ಡೌನ್‌ಲೋಡ್ ಮಾಡಿ, ಸಂಜೆ ಏಳರಿಂದ ಎಂಟರವರೆಗೆ ಡೇಟಾ ಬಂದ್ ಮಾಡಿ ಕೊಡಿ. ವಾಟ್ಸಾಪಿನಲ್ಲಿ ಓಡಾಡುವ "ಈ ಸಲ ಗ್ಯಾರಂಟಿ ಬರುವ 20 ಪ್ರಶ್ನೆ" ಪಟ್ಟಿಗಳನ್ನು ನಂಬಿ ಪಾಠ ಬಿಡಬೇಡಿ.

ಗೆಳೆಯರ ಗುಂಪು

ಮೂವರು ಸರಿ, ನಾಲ್ವರು ಹೆಚ್ಚು, ಐವರಾದರೆ ಹರಟೆ. ಗುಂಪು ಓದು ಚೆನ್ನಾಗಿ ನಡೆಯುವುದು ಒಂದೇ ರೀತಿಯಲ್ಲಿ: ಒಬ್ಬರು ಪುಸ್ತಕ ಮುಚ್ಚಿ ಹೇಳಬೇಕು, ಇನ್ನಿಬ್ಬರು ಪುಸ್ತಕ ತೆರೆದು ತಪ್ಪು ಹಿಡಿಯಬೇಕು. ಜೋರಾಗಿ ಓದುವ ಒಬ್ಬನ ಸುತ್ತ ಉಳಿದವರು ಕೂತು ಕೇಳಿದರೆ ಓದಿದವನಿಗಷ್ಟೇ ಲಾಭ. ಸಮಾಜ ವಿಜ್ಞಾನ, ಕನ್ನಡ, ಹಿಂದಿಗೆ ಇದು ಚೆನ್ನ, ಗಣಿತಕ್ಕೆ ಸಾಧಾರಣ. ಮನೆಯಲ್ಲಿ ತೆಲುಗು, ಲಂಬಾಣಿ, ಉರ್ದು ಮಾತಾಡುವ ಮಕ್ಕಳಿಗೆ ಕನ್ನಡದಲ್ಲಿ ವಾಕ್ಯ ಕಟ್ಟುವ ರೂಢಿಯೂ ಇಲ್ಲೇ ಆಗುತ್ತದೆ.

ಜಾಗವಿಲ್ಲ ಎನ್ನುವವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ನೋಡಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಮಷೀನು ಮನೆಯಲ್ಲೇ ಓಡುವ ಓಣಿಗಳ ಮಕ್ಕಳಿಗಂತೂ ನಗರದ ಗ್ರಂಥಾಲಯದ ಎರಡು ಗಂಟೆ ಬಹಳ ದೊಡ್ಡದು.

ಒಬ್ಬರೇ ಕೂತು ಪತ್ರಿಕೆ ಬಿಡಿಸುವುದು

ಇದಕ್ಕೆ ತಗಲುವುದು ಜೆರಾಕ್ಸ್ ಖರ್ಚು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ. ಹಿಂದಿನ ವರ್ಷಗಳ ಪತ್ರಿಕೆ, ಮಾದರಿ ಉತ್ತರ ಶಾಲೆಯಲ್ಲೇ ಸಿಗುತ್ತವೆ. ಬೇರೆ ಯಾವ ದಾರಿ ಹಿಡಿದರೂ ಇದು ಜೊತೆಗೆ ಇರಲೇಬೇಕು ಎಂದು ಕೈ ಹಿಡಿದು ಹೇಳಬೇಕಾದ ವಿಷಯ.

ಕಾರಣ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದೇ ಗದ್ಯವನ್ನು ಕೆಲವರಿಗೆ ನಾಲ್ಕು ಸಲ ಓದಿಸಿದರು. ಕೆಲವರಿಗೆ ಒಂದು ಸಲ ಓದಿಸಿ ಮೂರು ಸಲ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ನಾಲ್ಕು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ಸುಮಾರು ಶೇ 40ರಷ್ಟು ನೆನಪಿತ್ತು, ಬರೆದವರಿಗೆ ಶೇ 61ರಷ್ಟು. ಮಗು ರಾತ್ರಿಯೆಲ್ಲ ಓದಿ "ಬಂತು" ಎಂದು ಮಲಗಿ, ಪರೀಕ್ಷೆಯಲ್ಲಿ "ಮರೆತುಹೋಯಿತು" ಎಂದು ಅಳುವುದರ ಹಿಂದೆ ಇರುವುದು ಇದೇ.

ಗಣಿತದ ಪತ್ರಿಕೆಯನ್ನೇ ತೆಗೆದುಕೊಳ್ಳಿ. 80 ಅಂಕ, 38 ಪ್ರಶ್ನೆ: ಒಂದು ಅಂಕದವು 16, ಎರಡರವು 8, ಮೂರರವು 9, ನಾಲ್ಕರವು 4, ಐದರದು 1. ಓದಿಕೊಳ್ಳಲು 15 ನಿಮಿಷ ಬಿಟ್ಟರೆ ಬರೆಯಲು 180 ನಿಮಿಷ. ಅಂಕಕ್ಕೆ ಎರಡು ನಿಮಿಷದಂತೆ 160 ನಿಮಿಷದಲ್ಲಿ ಮುಗಿಸಿದರೆ ಕೊನೆಗೆ 20 ನಿಮಿಷ ತಿರುಗಿ ನೋಡಲು ಉಳಿಯುತ್ತದೆ. ನಾಲ್ಕಂಕದ ಲೆಕ್ಕ ಹತ್ತು ನಿಮಿಷ ದಾಟಿದರೆ ಜಾಗ ಬಿಟ್ಟು ಮುಂದೆ ಹೋಗಬೇಕು.

ಆ ನಾಲ್ಕಂಕದ ಒಂದು ಲೆಕ್ಕ ಹತ್ತಿರದಿಂದ ನೋಡೋಣ. ನಕ್ಷಾ ವಿಧಾನದಿಂದ ಬಿಡಿಸಿ: ಎಕ್ಸ್ + ವೈ = 5, 2ಎಕ್ಸ್ − ವೈ = 4. ಸಾಮಾನ್ಯವಾಗಿ ಎರಡು ಕೋಷ್ಟಕಕ್ಕೆ ಒಂದೊಂದು ಅಂಕ, ರೇಖೆಗಳಿಗೆ ಒಂದು, ಛೇದಿಸುವ ಬಿಂದು ಗುರುತಿಸಿ ಬರೆದದ್ದಕ್ಕೆ ಒಂದು. ಮಕ್ಕಳು ಎಡವುವುದು ಎರಡನೆಯ ಕೋಷ್ಟಕದಲ್ಲಿ. ವೈ = 2ಎಕ್ಸ್ − 4 ಎಂದು ಬರೆಯಬೇಕಾದಲ್ಲಿ ವೈ = 4 − 2ಎಕ್ಸ್ ಎಂದು ಬರೆಯುತ್ತಾರೆ. ಆಗ ರೇಖೆಗಳು (3, 2)ರಲ್ಲಿ ಸೇರುವ ಬದಲು (−1, 6)ರಲ್ಲಿ ಸೇರುತ್ತವೆ. ಗ್ರಾಫಿನಲ್ಲಿ ಜಾಗ ಸಾಲದೆ, ಸ್ಕೇಲು ಬದಲಿಸಿ, ರಬ್ಬರು ತಿಕ್ಕಿ, ಹದಿನೈದು ನಿಮಿಷ ಹೋಗುತ್ತದೆ. ಅರ್ಧ ನಿಮಿಷದಲ್ಲಿ ಇದನ್ನು ಹಿಡಿಯಬಹುದು. ಬಂದ ಉತ್ತರವನ್ನು ಎರಡೂ ಸಮೀಕರಣದಲ್ಲಿ ಹಾಕಿ: −1 + 6 = 5, ಮೊದಲನೆಯದು ಸರಿ; 2(−1) − 6 = −8, ನಾಲ್ಕು ಬರಬೇಕಿತ್ತು. ಅಂದರೆ ತಪ್ಪು ಎರಡನೆಯ ಕೋಷ್ಟಕದಲ್ಲೇ ಇದೆ, ಮೊದಲನೆಯದನ್ನು ಅಳಿಸಬೇಕಾಗಿಲ್ಲ. ಪ್ರತಿ ರೇಖೆಗೂ ಎರಡರ ಬದಲು ಮೂರು ಬಿಂದು ತೆಗೆದುಕೊಂಡರೆ ಕೂಡಿಸುವ ತಪ್ಪೂ ಸಿಕ್ಕಿಬೀಳುತ್ತದೆ. ಮೂರು ಒಂದೇ ಗೆರೆಯಲ್ಲಿ ಬರದಿದ್ದರೆ ಒಂದು ತಪ್ಪಿದೆ ಎಂದೇ ಅರ್ಥ.

ಪ್ರಮೇಯದಲ್ಲೂ ಹೀಗೆಯೇ. ಚಿತ್ರ, ದತ್ತ, ಸಾಧನೀಯ, ರಚನೆ ಇವುಗಳಿಗೆ ಅರ್ಧರ್ಧ ಅಂಕ ಬೇರೆಯೇ ಇರುತ್ತದೆ. ಸಾಧನೆ ಮರೆತ ಮಗು ಇಡೀ ಪ್ರಶ್ನೆಯನ್ನೇ ಬಿಟ್ಟು ಬರುವುದು ಎಷ್ಟು ನಷ್ಟ ಎಂದು ನೋಡಿ. ಸಮಾಜದ ನಕ್ಷೆಗೆ, ಭಾರತದ ಗೆರೆ ದಿನಾ ಒಂದು ಸಲ ಎಳೆಯಿರಿ, ಗುರುತಿಸುವುದನ್ನು ಮನೆಯ ಹತ್ತಿರದಿಂದಲೇ ಶುರು ಮಾಡಿ: ತುಂಗಭದ್ರಾ, ಹಟ್ಟಿ, ಸಂಡೂರು. ಕಂಡ ಜಾಗ ಬೇಗ ಮರೆಯುವುದಿಲ್ಲ.

ಒಬ್ಬರೇ ಓದುವುದರ ಕೊರತೆ ತಿದ್ದುವವರಿಲ್ಲದಿರುವುದು. ಮಾದರಿ ಉತ್ತರ ನೋಡಿ ತಾನೇ ತಿದ್ದಿದರೆ ಮಗು ತನಗೆ ತಾನೇ ಉದಾರವಾಗಿ ಅಂಕ ಹಾಕಿಕೊಳ್ಳುತ್ತದೆ. ವಾರಕ್ಕೆ ಒಂದೇ ಒಂದು ಪತ್ರಿಕೆಯನ್ನು ಶಾಲೆಯ ಶಿಕ್ಷಕರ ಮೇಜಿನ ಮೇಲೆ ಇಟ್ಟು ತಿದ್ದಿಸಿಕೊಂಡರೆ ಸಾಕು.

ಒತ್ತಡ ಇಳಿಸುವ ದಾರಿಗಳಲ್ಲೂ ಆಯ್ಕೆ ಇದೆ

ರಾತ್ರಿ ಓದೋ, ನಸುಕಿನ ಓದೋ ಎಂದು ಜಗಳವಾಡುವ ಮನೆಗಳಲ್ಲಿ ಮೊದಲು ಎಣಿಸಬೇಕಾದದ್ದು ನಿದ್ದೆಯ ಒಟ್ಟು ಗಂಟೆ. 13ರಿಂದ 18 ವಯಸ್ಸಿನವರಿಗೆ ವೈದ್ಯರು ಹೇಳುವುದು 8ರಿಂದ 10 ಗಂಟೆ. ಶಾಲೆಯಿಂದ ಐದಕ್ಕೆ ಎಬ್ಬಿಸುವ ಫೋನು ಬರುತ್ತಿದ್ದರೆ ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ಹನ್ನೊಂದರವರೆಗೂ ಓದಿಸಿ ಐದಕ್ಕೂ ಎಬ್ಬಿಸಿದರೆ, ಹಗಲು ಓದಿದ್ದು ತಲೆಯಲ್ಲಿ ಊರಲು ಬೇಕಾದ ನಿದ್ದೆಯನ್ನೇ ಕಿತ್ತುಕೊಂಡಂತೆ. ರಾತ್ರಿ ಒಂಬತ್ತಕ್ಕೆ ಕುಡಿದ ಚಹಾದ ಕೆಫೀನಿನಲ್ಲಿ ಅರ್ಧದಷ್ಟು ಎರಡರ ಹೊತ್ತಿಗೂ ಮೈಯಲ್ಲಿ ಇರುತ್ತದೆ. ಸಂಜೆ ಐದರ ಮೇಲೆ ಚಹಾ ಬೇಡ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಾರ್ಚಿನಲ್ಲಿ ರಾಯಚೂರಿನ ತಗಡಿನ ಮನೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಓದಿಸುವುದು ಮಗುವನ್ನು ದಂಡಿಸಿದ ಹಾಗೆ. ಮಣ್ಣಿನ ಮಾಳಿಗೆ ಮನೆಯಿರುವ ಅಜ್ಜಿ, ದೊಡ್ಡವ್ವ ಯಾರಾದರೂ ಇದ್ದರೆ ಆ ಹೊತ್ತು ಅಲ್ಲಿ ಕಳೆಯಲಿ. ಇಲ್ಲದಿದ್ದರೆ ಅರ್ಧ ಗಂಟೆ ಮಲಗಿ, ಎದ್ದು ಗಡಿಗೆ ನೀರು ಕುಡಿದು, ಚಿತ್ರ ಬರೆಯುವಂಥ ಹಗುರ ಕೆಲಸ ಮಾಡಲಿ. ಆದರೆ ಭಾನುವಾರ ಬೆಳಿಗ್ಗೆ 10ರಿಂದ 1.15ರವರೆಗೆ ಮಾತ್ರ ಪೂರ್ಣ ಪತ್ರಿಕೆ ಬರೆಸಿ. ನಿಜವಾದ ಪರೀಕ್ಷೆ ಅದೇ ಹೊತ್ತಿನಲ್ಲಿ ಇರುತ್ತದೆ, ಮೈಗೂ ಆ ಹೊತ್ತು ರೂಢಿಯಾಗಬೇಕು.

ಗಾಬರಿಗೆ ಎರಡು ಉಪಾಯಗಳು. ಒಂದು ಉಸಿರು: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ದಿನಾ ಐದು ನಿಮಿಷ. ಎರಡು ವಾರ ಮೊದಲೇ ರೂಢಿ ಮಾಡಿಕೊಂಡರೆ ಮಾತ್ರ ಕೊಠಡಿಯಲ್ಲಿ ಕೈ ಹಿಡಿಯುತ್ತದೆ. ಅವತ್ತೇ ಮೊದಲ ಸಲ ಮಾಡಿದರೆ ಎಣಿಕೆಯೇ ಇನ್ನೊಂದು ಗಾಬರಿ. ಇನ್ನೊಂದು ಬರೆಯುವುದು: ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ, ಯಾವುದಕ್ಕೆ ಹೆದರಿಕೆ ಎಂದು ಒಂದು ಹಾಳೆಯಲ್ಲಿ ಬರೆದು ಹರಿದು ಬಿಸಾಡುವುದು. ಹೀಗೆ ಭಯವನ್ನು ಬರೆದ ಗಾಬರಿಯ ಮಕ್ಕಳು ಪರೀಕ್ಷೆಯಲ್ಲಿ, ಬರೆಯದ ಗಾಬರಿಯ ಮಕ್ಕಳಿಗಿಂತ ಚೆನ್ನಾಗಿ ಮಾಡಿದ್ದನ್ನು ರಮಿರೆಜ್ ಮತ್ತು ಬೈಲಾಕ್ ಎಂಬ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ಮಾತು ಕಡಿಮೆ ಇರುವ ಮಗುವಿಗೆ ಎರಡನೆಯದು, ಬರೆಯಲು ಬೇಸರಪಡುವ ಮಗುವಿಗೆ ಮೊದಲನೆಯದು ಒಗ್ಗುತ್ತದೆ.

ಮನೆಯವರ ಮಾತಿನಿಂದಲೂ ಅಂಕ ಹೋಗುತ್ತದೆ. "ನಿಮ್ಮ ಚಿಗವ್ವನ ಮಗಳಿಗೆ 580 ಬಂದಾವ, ನೀ ನೋಡು" ಎಂದ ರಾತ್ರಿ ಯಾವ ಮಗುವೂ ಓದಿದ್ದಿಲ್ಲ. ಅದರ ಬದಲು, "ಇವತ್ತ ಯಾವ ಪೇಪರ್ ಬರದಿ? ತೋರ್ಸು" ಅನ್ನಿ. ಅಕ್ಷರ ಬಾರದ ತಾಯಿಯೂ ಗಡಿಯಾರ ಹಿಡಿದು ಕೂರಬಹುದು, "ಇದನ್ನ ನನಗ ತಿಳಿಯೂ ಹಂಗ ಹೇಳು" ಎಂದು ಕೇಳಬಹುದು. ಮನೆಮಾತಿನಲ್ಲಿ ಬಿಡಿಸಿ ಹೇಳಲು ಬಂದ ಪಾಠ ಪರೀಕ್ಷೆಯಲ್ಲೂ ಬರುತ್ತದೆ. ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲ ಇದೇ ಆದ್ದರಿಂದ ಕೂಲಿಯ ಕಷ್ಟ ಎಲ್ಲರಿಗೂ ಗೊತ್ತು. ಆದರೂ ಈ ಎರಡು ತಿಂಗಳು ಮಗುವನ್ನು ಹೊಲಕ್ಕೆ ಕರೆಯಬೇಡಿ. ಗುಳೆ ಹೋಗುವುದು ತಪ್ಪದಿದ್ದರೆ ಮಗುವನ್ನು ಅಜ್ಜಿಯ ಹತ್ತಿರ ಬಿಡಿ, ಹಾಸ್ಟೆಲ್ ಸೀಟಿಗೆ ಮುಖ್ಯ ಶಿಕ್ಷಕರನ್ನು ಕೇಳಿ.

ಒಂದು ಗೆರೆ ದಾಟಿದ ಮೇಲೆ ಇವು ಯಾವುವೂ ಸಾಲವು. ಎರಡು ವಾರ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಗೆಳೆಯರನ್ನೂ ಬಿಟ್ಟು ಮೂಲೆ ಹಿಡಿದಿದೆ ಎಂದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ. "ನಾನಿಲ್ಲದಿದ್ದರೇ ಚೆನ್ನಾಗಿತ್ತು" ಎಂಬ ಮಾತು ಬಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗೆ ಹೋಗುವುದು ನಾಚಿಕೆಯ ವಿಷಯವೆಂದು ಯಾರಾದರೂ ಅಂದರೆ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1985ರಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಶುರು ಮಾಡಿದ ಕೆಲಸ ಎಂದು ಹೇಳಿ.

ಯಾರಿಗೆ ಯಾವುದು

80ಕ್ಕೆ 30ರ ಸುತ್ತ ಇದ್ದು, 'ಅ' ಜಾಸ್ತಿ, ಕೈಯಲ್ಲಿ ದುಡ್ಡಿಲ್ಲ: ಶಾಲೆಯ ಸ್ಪೆಷಲ್ ಕ್ಲಾಸ್, ಪಾಸಿಂಗ್ ಪ್ಯಾಕೇಜ್, ವಾರಕ್ಕೊಂದು ತಿದ್ದಿಸಿದ ಪತ್ರಿಕೆ. ಟ್ಯೂಷನ್ನಿಗೆ ಸಾಲ ಮಾಡಬೇಡಿ. ಸ್ವಲ್ಪ ದುಡ್ಡಿದೆ, ಶಾಲೆಯಲ್ಲಿ ಗಣಿತ ಶಿಕ್ಷಕರಿಲ್ಲ: ಊರಿನಲ್ಲೇ ಒಬ್ಬರನ್ನು ಹಿಡಿದು ಗಣಿತಕ್ಕೆ ಮಾತ್ರ ಕಳಿಸಿ. 45ರಿಂದ 60ರ ನಡುವೆ ಇದ್ದು 'ಆ', 'ಇ' ಜಾಸ್ತಿ ಇರುವ ಮಕ್ಕಳೇ ನಮ್ಮಲ್ಲಿ ಹೆಚ್ಚು. ಟ್ಯೂಷನ್ನಿಗೆ ದುಡ್ಡು ಹೆಚ್ಚು ಖರ್ಚಾಗುವುದೂ ಇವರ ಮನೆಗಳಲ್ಲೇ, ಅದರ ಅಗತ್ಯ ಕಡಿಮೆ ಇರುವುದೂ ಇವರಿಗೇ. ಹಳೆಯ ಪತ್ರಿಕೆ, ಮೂವರ ಗುಂಪು, ಎಂಟು ಗಂಟೆ ನಿದ್ದೆ ಇವರಿಗೆ ಸಾಕು. 70 ದಾಟಿದವರಿಗೆ ಬೇಕಾದದ್ದು ಕಟ್ಟುನಿಟ್ಟಾಗಿ ತಿದ್ದುವ ಒಂದು ಕೆಂಪು ಪೆನ್ನು. ಮೊಬೈಲು ಯಾರಿಗೂ ಒಂದೇ ಆಸರೆಯಾಗಬಾರದು, ಆದರೆ ಬಾರದ ಪಾಠಕ್ಕೆ ಎಲ್ಲರಿಗೂ ಒದಗಲಿ.

ನಕಲು ಚೀಟಿಯ ಭರವಸೆ ಕೊಡುವವರೂ ಊರಲ್ಲಿ ಇರುತ್ತಾರೆ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ನಡೆಯುತ್ತಿದೆ. ಆ ಭರವಸೆ ನಂಬಿ ಓದು ಬಿಟ್ಟ ಮಗು ಕೊಠಡಿಯಲ್ಲಿ ಬರಿಗೈಯಲ್ಲಿ ಕೂರುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪಾಠ ತೆಗೆಯಬೇಡಿ. ಬೆಳಿಗ್ಗೆ ಮಿರ್ಚಿ ಒಗ್ಗರಣೆ ಬೇಡ. ರೊಟ್ಟಿ ಮೊಸರೋ, ಉಪ್ಪಿಟ್ಟೋ, ದಿನಾ ತಿನ್ನುವುದನ್ನೇ ತಿನ್ನಲಿ. ಓದಿಕೊಳ್ಳುವ 15 ನಿಮಿಷದಲ್ಲಿ ಬರುವ ಪ್ರಶ್ನೆಗಳನ್ನು ಗುರುತಿಸಿಕೊಂಡು ಅಲ್ಲಿಂದಲೇ ಶುರು ಮಾಡಲಿ. ಮೊದಲ ಇಪ್ಪತ್ತು ನಿಮಿಷ ಕೈ ಓಡಿದರೆ ಎದೆಬಡಿತ ತಾನೇ ಇಳಿಯುತ್ತದೆ. ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ನಿಂತು ಉತ್ತರ ತಾಳೆ ನೋಡುವುದು ಬೇಡ, ನೇರ ಮನೆಗೆ ಬಂದು ಊಟ ಮಾಡಿ ಮಲಗಲಿ. ಒಂದು ವಿಷಯ ಕೆಟ್ಟಿತೆಂದು ಮುಂದಿನ ಪರೀಕ್ಷೆ ತಪ್ಪಿಸುವ ಮಕ್ಕಳಿದ್ದಾರೆ. 2023–24ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಬಂದಿದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ಮೊದಲ ಪರೀಕ್ಷೆಗೆ ಮುಂಚೆಯೇ ಮಗುವಿಗೆ ಹೇಳಿಡಿ, ಮತ್ತು ಉಳಿದ ಅಷ್ಟೂ ಪರೀಕ್ಷೆಗೆ ಅಪ್ಪನೋ ಅವ್ವನೋ ಕೇಂದ್ರದ ಬಾಗಿಲ ತನಕ ಜೊತೆಗೆ ಹೋಗಿ.